ದಾವಣಗೆರೆ ಗೋಡೆ ಮೇಲೆ ಸಮುದ್ರದ ಗಡಿಯಾರ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಹಾಲ್‌ನಲ್ಲಿ ಟಿವಿ ಪಕ್ಕ ಒಂದೇ ಮುಳ್ಳಿನ ಗಡಿಯಾರ ಇದೆ. ಬಂದವರು ಮೊದಲು ಅದನ್ನು ನೋಡಿ, ಆಮೇಲೆ ತಮ್ಮ ಕೈಗಡಿಯಾರ ನೋಡಿ, ಕೊನೆಗೆ ನನ್ನ ಮುಖ ನೋಡುತ್ತಾರೆ. ಕಾಫಿ ಬರುವ ಹೊತ್ತಿಗೆ ಪ್ರಶ್ನೆ ಶುರು. ಒಂದಷ್ಟು ಜನ ತಾವೂ ಒಂದು ತರಿಸಿಕೊಂಡು, ಹೊಂದಿಸಲು ಬಾರದೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದ್ದೂ ಇದೆ. ಅದಕ್ಕೇ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಸಾರ್, ನಿಮ್ಮ ಗಡಿಯಾರ ಕೆಟ್ಟಿದೆ ಅಲ್ವಾ?

ಇಲ್ಲ. ಅದು ಟೈಮ್ ತೋರಿಸುವ ಗಡಿಯಾರವೇ ಅಲ್ಲ. ಸಮುದ್ರದ ನೀರು ಈಗ ಏರುತ್ತಿದೆಯೋ ಇಳಿಯುತ್ತಿದೆಯೋ, ಇನ್ನೆಷ್ಟು ಹೊತ್ತು ಏರುತ್ತದೆ ಅಂತ ತೋರಿಸುತ್ತದೆ. ಪುಸ್ತಕದ ಭಾಷೆಯಲ್ಲಿ ಉಬ್ಬರವಿಳಿತದ ಗಡಿಯಾರ, ಮಾರುವವರ ಭಾಷೆಯಲ್ಲಿ ಟೈಡ್ ಕ್ಲಾಕ್. ಪಕ್ಕದ ಮನೆ ಅಜ್ಜಿ ಮಾತ್ರ ಇವತ್ತಿಗೂ "ನಿಮ್ಮ ಒಂಟಿ ಮುಳ್ಳು ಎಷ್ಟು ತೋರಸ್ತೈತ್ರೀ" ಅಂತಲೇ ಕೇಳುವುದು.

ದಾವಣಗೆರೆಯಲ್ಲಿ ಸಮುದ್ರ ಎಲ್ಲಿದೆ? ಇಲ್ಲಿ ಇದು ಯಾಕೆ?

ಇಲ್ಲಿ ಸಮುದ್ರ ಇಲ್ಲ, ನಿಜ. ಇನ್ನೂ ಮಜಾ ಅಂದರೆ ನಮ್ಮೂರ ನೀರು ಅರಬ್ಬಿ ಸಮುದ್ರದ ಕಡೆ ಹೋಗುವುದೂ ಇಲ್ಲ. ಹರಿಹರದ ತುಂಗಭದ್ರೆ ಪೂರ್ವಕ್ಕೆ ಹರಿದು ಕೃಷ್ಣೆ ಸೇರಿ ಬಂಗಾಳಕೊಲ್ಲಿಗೆ ಹೋಗುತ್ತಾಳೆ. ಚಿತ್ರದುರ್ಗದ ವೇದಾವತಿಯದೂ ಕೊನೆಗೆ ಅದೇ ದಾರಿ.

ಆದರೆ ನನ್ನ ಹೆಂಡತಿಯ ತವರು ಕುಮಟಾ ತಾಲೂಕು, ಅಘನಾಶಿನಿ ದಂಡೆ. ಆ ಕಡೆ ದಿನ ನಡೆಯುವುದೇ ನೀರಿನ ಲೆಕ್ಕದಲ್ಲಿ. ನೀರು ಇಳಿದಾಗ ಹೊಳೆಯ ಮರಳಿನಲ್ಲಿ ಬಳಚು ಆರಿಸುತ್ತಾರೆ. ನಮ್ಮ ಕಡೆಯವರಿಗೆ ಬಳಚು ಅಂದರೆ ಗೊತ್ತಿರಲಿಕ್ಕಿಲ್ಲ, ಚಿಪ್ಪಿನೊಳಗೆ ಇರುವ ಸಣ್ಣ ಜೀವಿ ಅದು, ಅದರ ಮಾಂಸ ತಿನ್ನುತ್ತಾರೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ, ಉಪ್ಪು ತಡೆದುಕೊಳ್ಳುವ ತಳಿ. ಗದ್ದೆಗೆ ಯಾವಾಗ ನೀರು ಬಿಡಬೇಕು, ಯಾವಾಗ ತೂಬು ಮುಚ್ಚಬೇಕು ಅನ್ನುವುದು ಉಬ್ಬರ ನೋಡಿಯೇ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುವ ಮಡಿಗಳಿಗೂ ಉಬ್ಬರದ ನೀರೇ ಬೇಕು.

ಮದುವೆಯಾದ ಹೊಸದರಲ್ಲಿ ಇವಳು ತವರಿಗೆ ಫೋನ್ ಮಾಡಿದರೆ ಅರ್ಧ ಸಲ ಯಾರೂ ಎತ್ತುತ್ತಿರಲಿಲ್ಲ. ಎಲ್ಲ ಹೊಳೆಯಲ್ಲಿ. ಇವಳ ಮುಖ ಸಪ್ಪಗಾಗುವುದು. ಗಡಿಯಾರ ತರಿಸಿದ್ದು ಆ ಕಾರಣಕ್ಕೆ, ಬೇರೆ ದೊಡ್ಡ ಕಾರಣ ಏನೂ ಇಲ್ಲ. ಕರಾವಳಿಯಲ್ಲಿ ಬೇರೂರಿದ ನಂಟು ಇರುವ ಯಾರ ಮನೆಗಾದರೂ ಇದು ಸಲ್ಲುತ್ತದೆ. ಸಮುದ್ರ ಕಾಣಲೇಬೇಕು ಅಂತಿಲ್ಲ. ಮುಳ್ಳು ತಿರುಗುವುದು ಚಂದ್ರನ ಲೆಕ್ಕಕ್ಕೆ, ಚಂದ್ರ ನಮ್ಮ ಮನೆ ಮೇಲೂ ಬರುತ್ತಾನೆ.

ಈ ಮುಳ್ಳು ಒಂದು ಸುತ್ತಿಗೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ?

12 ಗಂಟೆ 25 ನಿಮಿಷ. ಮಾಮೂಲಿ ಗಡಿಯಾರದ ಗಂಟೆ ಮುಳ್ಳಿಗಿಂತ 25 ನಿಮಿಷ ನಿಧಾನ, ಇಷ್ಟೇ ವ್ಯತ್ಯಾಸ.

ಲೆಕ್ಕ ಹೀಗೆ. ಇವತ್ತು ರಾತ್ರಿ ಚಂದ್ರ ನೆತ್ತಿಗೆ ಬಂದ ಟೈಮ್ ಬರೆದಿಟ್ಟುಕೊಳ್ಳಿ. ನಾಳೆ ಅದೇ ಹೊತ್ತಿಗೆ ನೋಡಿದರೆ ಅವನು ಇನ್ನೂ ಬಂದಿರುವುದಿಲ್ಲ, ಸುಮಾರು 50 ನಿಮಿಷ ತಡ. ಭೂಮಿ ಒಂದು ಸುತ್ತು ಸುತ್ತುವಷ್ಟರಲ್ಲಿ ಚಂದ್ರನೂ ತನ್ನ ದಾರಿಯಲ್ಲಿ ಮುಂದೆ ಹೋಗಿರುತ್ತಾನಲ್ಲ, ಅವನನ್ನು ಹಿಡಿಯಲು ಭೂಮಿ ಇನ್ನೊಂದಿಷ್ಟು ತಿರುಗಬೇಕು. ಹಾಗಾಗಿ ಚಂದ್ರನ ಲೆಕ್ಕದ ದಿನ 24 ಗಂಟೆ 50 ನಿಮಿಷದ್ದು. ಅದರಲ್ಲಿ ಎರಡು ಉಬ್ಬರ. ಅರ್ಧ ಮಾಡಿದರೆ 12 ಗಂಟೆ 25 ನಿಮಿಷ. ಬೆಳಿಗ್ಗೆ 11:30ಕ್ಕೆ ನೀರು ತುಂಬಿದ್ದರೆ ಸಂಜೆ 5:40ರ ಹೊತ್ತಿಗೆ ಪೂರ್ತಿ ಇಳಿದಿರುತ್ತದೆ, ರಾತ್ರಿ 11:55ಕ್ಕೆ ಮತ್ತೆ ತುಂಬುತ್ತದೆ, ಮರುದಿನ 12:20ಕ್ಕೆ ಇನ್ನೊಮ್ಮೆ.

ಚಂದ್ರ ಒಬ್ಬನೇ, ಉಬ್ಬರ ದಿನಕ್ಕೆ ಎರಡು ಯಾಕೆ?

ಇದನ್ನು ಕೇಳಿದವರಿಗೆ ನಾನು ಇನ್ನೊಂದು ಲೋಟ ಕಾಫಿ ಕೊಡುತ್ತೇನೆ, ಯಾಕಂದರೆ ಒಳ್ಳೆಯ ಪ್ರಶ್ನೆ.

ದುಗ್ಗಮ್ಮನ ಜಾತ್ರೆಯಲ್ಲಿ ಮೂರು ಜನ ಒಬ್ಬರ ಹಿಂದೆ ಒಬ್ಬರು ತೇರಿನ ಕಡೆ ಹೊರಟಿದ್ದಾರೆ ಅಂದುಕೊಳ್ಳಿ. ಮುಂದಿನವನಿಗೆ ಅವಸರ, ಓಡುತ್ತಾನೆ. ನಡುವಿನವನು ಬಿರಬಿರನೆ ನಡೆಯುತ್ತಾನೆ. ಹಿಂದಿನವನು ಕಾಲೆಳೆಯುತ್ತಾನೆ. ಸ್ವಲ್ಪ ಹೊತ್ತಿಗೆ ನಡುವಿನವನ ಮುಂದೂ ಜಾಗ ಬಿದ್ದಿರುತ್ತದೆ, ಹಿಂದೂ ಬಿದ್ದಿರುತ್ತದೆ. ಮುಂದಿನವನು ಚಂದ್ರನ ಕಡೆಗಿರುವ ನೀರು, ನಡುವಿನವನು ಭೂಮಿ, ಹಿಂದಿನವನು ಆಚೆ ಬದಿಯ ನೀರು. ಚಂದ್ರನ ಸೆಳೆತ ಹತ್ತಿರದ ನೀರಿಗೆ ಜಾಸ್ತಿ, ಭೂಮಿಗೆ ಅದಕ್ಕಿಂತ ಕಡಿಮೆ, ಆಚೆಯ ನೀರಿಗೆ ಇನ್ನೂ ಕಡಿಮೆ. ಅದಕ್ಕೇ ಎರಡು ಕಡೆಯೂ ನೀರು ಉಬ್ಬುತ್ತದೆ. ಭೂಮಿ ತಿರುಗುತ್ತಾ ಒಂದು ದಿನದಲ್ಲಿ ಎರಡೂ ಉಬ್ಬುಗಳನ್ನು ದಾಟುತ್ತದೆ. ಪೂರ್ತಿ ಸತ್ಯ ಇನ್ನೂ ಗೋಜಲು, ನೆಲ ಅಡ್ಡ ಬರುತ್ತದೆ, ಸಮುದ್ರದ ಆಳ ಒಂದೊಂದು ಕಡೆ ಒಂದೊಂದು ಥರ. ಅದರಿಂದಲೇ ಚಂದ್ರ ನೆತ್ತಿಗೆ ಬಂದ ಕ್ಷಣಕ್ಕೇ ಉಬ್ಬರ ಬರುವುದಿಲ್ಲ, ಊರೂರಿಗೆ ಬೇರೆ ಬೇರೆ ತಡ.

ಮುಳ್ಳು ನೋಡಿ ಓದುವುದು ಹೇಗೆ?

ಮೇಲೆ, 12 ಇರಬೇಕಾದ ಜಾಗದಲ್ಲಿ ಉಬ್ಬರ. ಕೆಳಗೆ, 6ರ ಜಾಗದಲ್ಲಿ ಇಳಿತ. ಬಲಗಡೆ ಮೇಲಿನಿಂದ ಕೆಳಕ್ಕೆ 5, 4, 3, 2, 1 ಅಂತಿದೆ, ಇಳಿತಕ್ಕೆ ಇನ್ನೆಷ್ಟು ಗಂಟೆ ಅಂತ. ಎಡಗಡೆ ಕೆಳಗಿನಿಂದ ಮೇಲಕ್ಕೆ ಅದೇ 5, 4, 3, 2, 1, ಉಬ್ಬರಕ್ಕೆ ಇನ್ನೆಷ್ಟು ಗಂಟೆ ಅಂತ. ಮುಳ್ಳು ಬಲಗಡೆ ಇದ್ದರೆ ನೀರು ಇಳಿಯುತ್ತಿದೆ, ಎಡಗಡೆ ಇದ್ದರೆ ಏರುತ್ತಿದೆ. ನನ್ನ ಮಗಳು ಯುಕೆಜಿಯಲ್ಲಿದ್ದಾಗ ಮಾಮೂಲಿ ಗಡಿಯಾರಕ್ಕಿಂತ ಮೊದಲು ಇದನ್ನು ಓದಲು ಕಲಿತಳು.

ಒಂದು ಗುಟ್ಟು. ಮುಳ್ಳು ಒಂದೇ ವೇಗದಲ್ಲಿ ತಿರುಗುತ್ತದೆ, ನೀರು ಹಾಗಲ್ಲ. ಮೇಲೆ ಮತ್ತು ಕೆಳಗೆ ನೀರು ಸುಮಾರು ಹೊತ್ತು ಸುಮ್ನೆ ನಿಂತಂತೆ ಇರುತ್ತದೆ. ಮುಳ್ಳು ಅಡ್ಡಡ್ಡ ಇರುವಾಗ, ಅಂದರೆ ಮಾಮೂಲಿ ಗಡಿಯಾರದ 3 ಮತ್ತು 9ರ ಜಾಗದ ಆಸುಪಾಸು, ನೀರು ಜೋರಾಗಿ ಓಡುತ್ತದೆ. ಹೊಳೆ ಬಾಯಿಯಲ್ಲಿ ದೋಣಿಯವರು ಎಚ್ಚರ ಇರುವುದು ಈ ಹೊತ್ತಿನಲ್ಲೇ.

ಹೊಸ ಗಡಿಯಾರ ಬಂದಿದೆ. ಹೊಂದಿಸುವುದು ಹೇಗೆ?

ಮೊದಲು ಊರು ಗೊತ್ತು ಮಾಡಿ. ಈ ಗಡಿಯಾರ ಒಂದು ಜಾಗಕ್ಕೆ ಮಾತ್ರ. "ಕರ್ನಾಟಕ ಕರಾವಳಿಗೆ" ಅಂತ ಹೊಂದಿಸಲು ಬರುವುದಿಲ್ಲ. ಮಲ್ಪೆಯೋ ಹೊನ್ನಾವರವೋ ಕಾರವಾರವೋ, ಒಂದನ್ನು ಹಿಡಿಯಿರಿ.

ಆಮೇಲೆ ಹುಣ್ಣಿಮೆ ಅಥವಾ ಅಮಾವಾಸ್ಯೆ ತನಕ ಕಾಯಿರಿ. ಆ ದಿನ ಆ ಊರಿನಲ್ಲಿ ಉಬ್ಬರ ಎಷ್ಟು ಹೊತ್ತಿಗೆ ಅಂತ ತಿಳಿದುಕೊಳ್ಳಿ. ಸರಿಯಾಗಿ ಆ ಹೊತ್ತಿಗೆ ಹಿಂದಿನ ಸಣ್ಣ ಚಕ್ರ ತಿರುಗಿಸಿ ಮುಳ್ಳನ್ನು ನೆಟ್ಟಗೆ ಮೇಲಕ್ಕೆ ತನ್ನಿ, ಸೆಲ್ ಹಾಕಿ. ಮುಗಿಯಿತು. ಮುಳ್ಳನ್ನೇ ಬೆರಳಿನಿಂದ ತಳ್ಳಬೇಡಿ, ಸಡಿಲ ಆಗುತ್ತದೆ. ಹೊತ್ತು ತಪ್ಪಿ ಒಂದು ಗಂಟೆ ಆಗಿಬಿಟ್ಟಿದ್ದರೆ ಗಾಬರಿ ಬೇಡ, ಮುಳ್ಳನ್ನು ಬಲಗಡೆಯ 5ಕ್ಕೆ ಇಡಿ, ಸರಿಹೋಗುತ್ತದೆ.

ನಮ್ಮದನ್ನು ಹೊಂದಿಸಿದ್ದು ಹೇಗೆ ಅಂತ ಹೇಳುತ್ತೇನೆ, ಯಾಕಂದರೆ ಉಬ್ಬರದ ಟೈಮ್ ಬರೆದ ಪಟ್ಟಿ ನೋಡುವುದಕ್ಕಿಂತ ಇದೇ ಒಳ್ಳೆಯದು. ಅತ್ತೆ ಮನೆ ಸಮುದ್ರದ ಬಾಯಿಯಲ್ಲಿಲ್ಲ, ಹೊಳೆ ಸಮುದ್ರ ಸೇರುವ ತದಡಿಯಿಂದ ಒಳಗೆ, ಹೊಳೆ ಮೇಲಕ್ಕೆ. ಉಬ್ಬರದ ನೀರು ಬಾಯಿಯಿಂದ ಅಲ್ಲಿಗೆ ಹತ್ತಿ ಬರಬೇಕಲ್ಲ, ಹಾಗಾಗಿ ಪಟ್ಟಿಯ ಟೈಮ್‌ಗಿಂತ ತಡ. ಎಷ್ಟು ತಡ ಅಂತ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನನ್ನ ಭಾವಮೈದ ಹುಣ್ಣಿಮೆ ದಿನ ಮನೆ ಹಿಂದಿನ ದಂಡೆಯಲ್ಲಿ ಒಂದು ಬಿದಿರು ಗಳ ಹುಗಿದ. ಅದಕ್ಕೆ ಕತ್ತಿಯಿಂದ ಒಂದು ಕಚ್ಚು ಹಾಕಿದ. ನೀರು ಏರುತ್ತಾ ಆ ಕಚ್ಚು ಮುಟ್ಟಿದಾಗ ಫೋನ್ ಮಾಡಿದ, 12:10. ಆಮೇಲೆ ಕಚ್ಚು ಮುಳುಗಿತು. ಇವನು ಅಲ್ಲೇ ಮೆಟ್ಟಿಲ ಮೇಲೆ ಕೂತು ಬೀಡಿ ಸೇದುತ್ತಾ ಫೋನ್ ಇಡದೆ ಮಾತಾಡಿದ, ನಾನು ಇಲ್ಲಿ ಗಡಿಯಾರವನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೆ. "ಭಾವ, ನೀರು ನಿಂತು," ಅಂದ. ಇನ್ನೂ ಸ್ವಲ್ಪ ಹೊತ್ತಿಗೆ "ಈಗ ತಿರುಗ್ತು." ಕಚ್ಚು ಮತ್ತೆ ಕಂಡಾಗ ಸರಿಯಾಗಿ 1 ಗಂಟೆ. 12:10 ಮತ್ತು 1ರ ನಡು 12:35. ಅದೇ ಉಬ್ಬರದ ಹೊತ್ತು. ಆಗಲೇ 25 ನಿಮಿಷ ಕಳೆದಿತ್ತು, ಮುಳ್ಳನ್ನು ಮೇಲಿನಿಂದ ಅರ್ಧ ಗೀಟು ಬಲಕ್ಕೆ ಇಟ್ಟೆ.

ನೀರು ಯಾವ ಕ್ಷಣಕ್ಕೆ ಗರಿಷ್ಠ ಅಂತ ಕಣ್ಣಳತೆಯಲ್ಲಿ ಹೇಳುವುದು ಕಷ್ಟ, ಅದಕ್ಕೆ ಈ ಕಚ್ಚಿನ ಉಪಾಯ. ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ನಡುವಿನದು ಸರಿ. ಯಾವ ದಂಡೆಯಲ್ಲಾದರೂ ಮಾಡಬಹುದು, ಒಂದು ಕೋಲು ಸಾಕು.

ಹುಣ್ಣಿಮೆ ತನಕ ಯಾಕೆ ಕಾಯಬೇಕು? ಇವತ್ತೇ ಮಾಡಿದರೆ ಆಗಲ್ವಾ?

ಆಗುತ್ತದೆ, ಆದರೆ ತಿಂಗಳಿಡೀ ತಪ್ಪು ತೋರಿಸುತ್ತದೆ. ನಾನು ಮೊದಲ ಸಲ ಅವಸರಕ್ಕೆ ಹುಣ್ಣಿಮೆಯಾಗಿ ನಾಲ್ಕೇ ದಿನಕ್ಕೆ, ಒಂದು ಚೌತಿ ದಿನ ಹೊಂದಿಸಿ ಕೆಟ್ಟೆ.

ಗಡಿಯಾರಕ್ಕೆ ಗೊತ್ತಿರುವುದು ಚಂದ್ರ ಒಬ್ಬನೇ. ಸೂರ್ಯನೂ ನೀರನ್ನು ಎಳೆಯುತ್ತಾನೆ, ಚಂದ್ರನ ಬಲದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಹುಣ್ಣಿಮೆ ಅಮಾವಾಸ್ಯೆಗೆ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಎಳೆಯುತ್ತಾರೆ, ಜಗಳ ಇಲ್ಲ, ಉಬ್ಬರವೂ ದೊಡ್ಡದು. ಅಷ್ಟಮಿ ಹೊತ್ತಿಗೆ ಒಬ್ಬ ಈ ಕಡೆ, ಒಬ್ಬ ಅಡ್ಡ, ಉಬ್ಬರ ಸಣ್ಣದು. ಇವೆರಡರ ನಡುವಿನ ದಿನಗಳಲ್ಲಿ ಸೂರ್ಯನ ಎಳೆತದಿಂದ ಉಬ್ಬರ ಒಮ್ಮೆ ಬೇಗ ಬರುತ್ತದೆ, ಒಮ್ಮೆ ತಡ ಆಗುತ್ತದೆ. ಅಂಥ ದಿನ ಹೊಂದಿಸಿದರೆ ಆ ದಿನದ ತಪ್ಪನ್ನೇ ಗಡಿಯಾರಕ್ಕೆ ಕಲಿಸಿದಂತೆ. ಮನೆಯಲ್ಲಿ ಕ್ಯಾಲೆಂಡರ್ ಇದ್ದೇ ಇರುತ್ತದೆ, ಹುಣ್ಣಿಮೆಗೆ ಬಿಳಿ ಬೊಟ್ಟು, ಅಮಾವಾಸ್ಯೆಗೆ ಕಪ್ಪು ಬೊಟ್ಟು. ಹದಿನೈದು ದಿನ ಕಾದರೆ ಏನೂ ಹೋಗುವುದಿಲ್ಲ.

ಅಂದ ಹಾಗೆ, ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆ ದಿನ ಉಬ್ಬರ ಬರುವುದು ಹೆಚ್ಚುಕಡಿಮೆ ನಡು ಮಧ್ಯಾಹ್ನ, ನಡುರಾತ್ರಿಯ ಆಸುಪಾಸಿಗೆ. ಅಷ್ಟಮಿ ದಿನ ತಿರುವುಮುರುವು, ಬೆಳಗಿನ ಜಾವ ಮತ್ತು ಸಂಜೆ ಉಬ್ಬರ. ಅಲ್ಲಿಯ ಹಳಬರು ತಿಥಿ ಕೇಳಿ ನೀರಿನ ಹೊತ್ತು ಹೇಳುವುದು ಇದೇ ಲೆಕ್ಕದಲ್ಲಿ. ನನ್ನ ಅತ್ತೆಗೆ ಗಡಿಯಾರ ಬೇಡವೇ ಬೇಡ.

ಉಬ್ಬರದ ಟೈಮ್ ಎಲ್ಲಿ ಸಿಗುತ್ತದೆ?

ಸರ್ವೆ ಆಫ್ ಇಂಡಿಯಾದವರು ಪ್ರತಿ ವರ್ಷ ಉಬ್ಬರವಿಳಿತದ ಪಟ್ಟಿ ಪುಸ್ತಕ ತರುತ್ತಾರೆ. ಹೈದರಾಬಾದಿನ ಇಂಕಾಯ್ಸ್, ಅಂದರೆ ಸಮುದ್ರದ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ, ಅದರ ಜಾಲತಾಣದಲ್ಲಿಯೂ ನೋಡಬಹುದು. ಮೊಬೈಲ್ ಆ್ಯಪ್‌ಗಳು ಬೇಕಾದಷ್ಟಿವೆ, ಆದರೆ ಊರಿನ ಹೆಸರು ಸರಿಯಾಗಿ ನೋಡಿ. ಮುಂಬೈ ಟೈಮ್ ತಂದು ಕುಮಟಾಕ್ಕೆ ಇಟ್ಟರೆ ನಡೆಯುವುದಿಲ್ಲ.

ಎಷ್ಟು ನಂಬಬಹುದು?

ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಂದೆ ಮುಂದೆ ಇಟ್ಟುಕೊಂಡು ನಂಬಿ. ಕೆಲವು ದಿನ ಅದಕ್ಕಿಂತ ಜಾಸ್ತಿಯೂ ಆಗುತ್ತದೆ. ನಮ್ಮ ಕರಾವಳಿಯ ಎರಡು ಉಬ್ಬರಗಳು ಅವಳಿ ಜವಳಿ ಅಲ್ಲ, ಒಂದು ದೊಡ್ಡದು ಒಂದು ಸಣ್ಣದು, ಹಾಗಾಗಿ ಹೊತ್ತೂ ಸ್ವಲ್ಪ ಏರುಪೇರು. ಮಳೆಗಾಲದಲ್ಲಿ ಹೊಳೆಗೆ ಘಟ್ಟದ ಕೆಂಪು ನೀರು ಬಂದರೆ ಮುಳ್ಳು ಏನು ಹೇಳಿದರೂ ಹೊಳೆ ಕೇಳುವುದಿಲ್ಲ. ಗಾಳಿ, ತೂಫಾನು, ದೂರದಿಂದ ಬರುವ ಅಲೆ, ಇದ್ಯಾವುದೂ ಗಡಿಯಾರಕ್ಕೆ ಗೊತ್ತಾಗದು.

ನನಗೆ ಬುದ್ಧಿ ಬಂದಿದ್ದು ಒಂದು ದಸರಾ ರಜೆಯಲ್ಲಿ. ಮಕ್ಕಳಿಗೆ ಬಳಚು ಆರಿಸುವುದು ತೋರಿಸೋಣ ಅಂತ ಹೊರಟೆವು. ಹಿಂದಿನ ರಾತ್ರಿ ಗಡಿಯಾರ ನೋಡಿ, ನಾಳೆ 11ಕ್ಕೆ ಇಳಿತ ಅಂತ ಲೆಕ್ಕ ಹಾಕಿದೆ. ಬೆಳಗಿನ ಜಾವ 4ಕ್ಕೆ ಕಾರು ತೆಗೆದು, ಹಾವೇರಿ, ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು, ಮಕ್ಕಳು ಎರಡು ಸಲ ವಾಂತಿ ಮಾಡಿಕೊಂಡು, ಹತ್ತೂವರೆಗೆ ತಲುಪಿದರೆ ಹೊಳೆಯಲ್ಲಿ ನೀರು ಎದೆ ಮಟ್ಟ, ಇನ್ನೂ ಏರುತ್ತಿದೆ. ಬಳಚು ಆರಿಸಿದವರು ಆಗಲೇ ಬುಟ್ಟಿ ಹೊತ್ತು ಮನೆಗೆ ಹೋಗಿದ್ದರು. ಆದದ್ದೇನೆಂದರೆ ಸೆಲ್ ಸತ್ತು ಗಡಿಯಾರ ಎರಡು ಗಂಟೆ ಹಿಂದೆ ಬಿದ್ದಿತ್ತು. ಸೆಕೆಂಡ್ ಮುಳ್ಳು ಇಲ್ಲ, ಟಿಕ್ ಟಿಕ್ ಸದ್ದೂ ಇಲ್ಲ, ಓಡುತ್ತಿದೆಯೋ ಕುಂಟುತ್ತಿದೆಯೋ ಗೊತ್ತಾಗುವುದೇ ಇಲ್ಲ. "ಒಂದು ಫೋನ್ ಮಾಡಿದ್ರೆ ಹೇಳ್ತಿರಲಿಲ್ವಾ ಭಾವ?" ಅಂತ ಭಾವಮೈದ ನಕ್ಕ. ನಾನು ನಗಲಿಲ್ಲ.

ಆದ್ದರಿಂದ ನೀರಿಗೆ ಇಳಿಯುವ ವಿಷಯಕ್ಕೆ, ದೋಣಿ ವಿಷಯಕ್ಕೆ, ಕಡಲ ತೀರದಲ್ಲಿ ಮಕ್ಕಳನ್ನು ಆಡಲು ಬಿಡುವ ವಿಷಯಕ್ಕೆ ಈ ಗಡಿಯಾರವನ್ನು ನಂಬಬೇಡಿ. ಆ ದಿನದ ಪಟ್ಟಿ ನೋಡಿ, ಅಲ್ಲಿಯವರನ್ನು ಕೇಳಿ.

ನೀರು ಎಷ್ಟು ಎತ್ತರ ಬರುತ್ತದೆ ಅಂತ ಹೇಳುತ್ತದಾ?

ಇಲ್ಲ, ಹೊತ್ತು ಮಾತ್ರ. ಎತ್ತರ ಬೇಕಿದ್ದರೆ ತಿಥಿ ನೋಡಿ. ದೊಡ್ಡ ಉಬ್ಬರ ಸರಿಯಾಗಿ ಹುಣ್ಣಿಮೆ ದಿನವೇ ಅಲ್ಲ, ಸಾಮಾನ್ಯವಾಗಿ ಒಂದೆರಡು ದಿನ ಆದ ಮೇಲೆ ಬರುತ್ತದೆ. ಊರೂ ಮುಖ್ಯ. ಪಶ್ಚಿಮ ಕರಾವಳಿಯಲ್ಲಿ ಉತ್ತರಕ್ಕೆ ಹೋದಷ್ಟೂ ಏರಿಳಿತ ದೊಡ್ಡದು. ಕಾರವಾರದ ಕಡೆ ದೊಡ್ಡ ದಿನಗಳಲ್ಲೂ ಒಂದೂವರೆ ಎರಡು ಮೀಟರ್, ಮುಂಬೈಯಲ್ಲಿ ನಾಲ್ಕೈದು, ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರ್ ದಾಟುತ್ತದೆ, ಅಂದರೆ ಮೂರಂತಸ್ತಿನ ಮನೆ.

ಮಗ ಅಮೆರಿಕಾದಲ್ಲಿದ್ದಾನೆ. ಅಲ್ಲಿಯ ಸಮುದ್ರಕ್ಕೆ ಹೊಂದಿಸಬಹುದಾ?

ವಿದ್ಯಾನಗರದ ಕಡೆಯಿಂದ ಈ ಪ್ರಶ್ನೆ ಜಾಸ್ತಿ. ಮಗ ಯಾವ ಕಡೆ ಇದ್ದಾನೆ ನೋಡಿ. ಬಾಸ್ಟನ್, ನ್ಯೂಯಾರ್ಕ್ ಆದರೆ ಬಹಳ ಚೆನ್ನಾಗಿ ನಡೆಯುತ್ತದೆ, ಈ ಗಡಿಯಾರ ಹುಟ್ಟಿರುವುದೇ ಅಂಥ ಸಮುದ್ರಕ್ಕೆ. ಸಿಯಾಟಲ್, ಸ್ಯಾನ್ ಫ್ರಾನ್ಸಿಸ್ಕೋ ಕಡೆ ಎರಡು ಉಬ್ಬರಗಳ ನಡುವೆ ವ್ಯತ್ಯಾಸ ಬಹಳ, ಅಂದಾಜಿಗೆ ಇಟ್ಟುಕೊಳ್ಳಬಹುದು. ಮೆಕ್ಸಿಕೋ ಕೊಲ್ಲಿಯ ತೀರದಲ್ಲಿ ಎಷ್ಟೋ ಕಡೆ ದಿನಕ್ಕೆ ಒಂದೇ ಉಬ್ಬರ, ಅಲ್ಲಿಗೆ ಇದು ದಂಡ. ಹೊಂದಿಸುವಾಗ ಅವರ ಟೈಮ್‌ನಿಂದ ನಮ್ಮ ಟೈಮ್‌ಗೆ ಬದಲಿಸಿಕೊಳ್ಳಿ. ಒಮ್ಮೆ ಹೊಂದಿಸಿದ ಮೇಲೆ ಅವರು ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಇಟ್ಟರೂ ನೀವು ಏನೂ ಮುಟ್ಟಬೇಕಿಲ್ಲ, ಚಂದ್ರನಿಗೆ ಅದೆಲ್ಲ ಇಲ್ಲ.

ಯಾವ ಸೆಲ್ ಹಾಕಬೇಕು? ಎಷ್ಟು ದಿನಕ್ಕೊಮ್ಮೆ ಸರಿ ಮಾಡಬೇಕು?

ಪೆನ್ಸಿಲ್ ಸೆಲ್ ಒಂದು, ಆಲ್ಕಲೈನ್. ರೀಚಾರ್ಜ್ ಸೆಲ್ ಬೇಡ, ಅದು 1.2 ವೋಲ್ಟ್, ಕೆಲವು ಗಡಿಯಾರ ಅದರಲ್ಲಿ ಹಿಂದೆ ಬೀಳುತ್ತವೆ. ದಸರಾ ಕಥೆ ಆದಾಗಿನಿಂದ ನಾನು ಪ್ರತಿ ಯುಗಾದಿಗೆ ಸೆಲ್ ಬದಲಿಸುತ್ತೇನೆ, ಹಳೆಯದು ಸತ್ತಿರಲಿ ಬಿಡಲಿ. ಯುಗಾದಿ ಹಿಂದಿನ ದಿನ ಹೇಗೂ ಅಮಾವಾಸ್ಯೆ, ಹೊಂದಿಸುವುದೂ ಆಗುತ್ತದೆ. ನಡುವೆ ಮೂರು ನಾಲ್ಕು ತಿಂಗಳಿಗೊಮ್ಮೆ ಒಂದು ಹುಣ್ಣಿಮೆಗೆ ಪಟ್ಟಿ ಜೊತೆ ಹೋಲಿಸಿ ನೋಡಿ, ಕಾಲು ಗಂಟೆಗಿಂತ ಜಾಸ್ತಿ ತಪ್ಪಿದ್ದರೆ ಮಾತ್ರ ಮುಟ್ಟಿ.

ಅಂಗಡಿಯಲ್ಲಿ ಸಿಗುತ್ತದಾ?

ಮಂಡಿಪೇಟೆಯಲ್ಲಿ ಕೇಳಿದೆ, ಚಿತ್ರದುರ್ಗದಲ್ಲೂ ಕೇಳಿದೆ, "ಅದೇನ್ರೀ ಅದು" ಅಂದರು. ಆನ್‌ಲೈನ್‌ನಲ್ಲಿ ತರಿಸಬೇಕು. ಬರೀ ಯಂತ್ರ ತರಿಸಿ ಮುಖ ನೀವೇ ಮಾಡಿಕೊಂಡರೆ ಅಗ್ಗ, ಕನ್ನಡದಲ್ಲಿ ಉಬ್ಬರ, ಇಳಿತ ಅಂತ ಬರೆಸಲೂ ಬಹುದು. ನಮ್ಮದರಲ್ಲಿ ಹೆಂಡತಿ ಹೇಳಿದಂತೆ ಅವರ ಕಡೆಯ ಮಾತು ಬರೆಸಿದ್ದೇವೆ, ಮೇಲೆ "ಭರತ", ಕೆಳಗೆ "ಇಳಿತ". ಭರತ ಅಂತ ನೋಡಿ ಒಬ್ಬರು, ಇದು ನಿಮ್ಮ ಮಗನ ಹೆಸರಾ ಅಂತ ಕೇಳಿದ್ದೂ ಆಯಿತು.

ಮಾಮೂಲಿ ಗಡಿಯಾರವನ್ನೇ ಹೀಗೆ ಮಾಡಲು ಬರುತ್ತದಾ?

ಸುಲಭದ ದಾರಿ: ಹಳೆ ಗಡಿಯಾರದ ನಿಮಿಷದ ಮುಳ್ಳು, ಸೆಕೆಂಡ್ ಮುಳ್ಳು ಕಿತ್ತುಹಾಕಿ, ಗಂಟೆ ಮುಳ್ಳು ಮಾತ್ರ ಬಿಟ್ಟು, ದಿನಾ 49 ನಿಮಿಷ ಹಿಂದಕ್ಕೆ ತಿರುಗಿಸುವುದು. ನಾನು ಏಳು ದಿನ ಮಾಡಿದೆ. ಎಂಟನೇ ದಿನ ಮರೆತೆ.

ಸರಿಯಾದ ದಾರಿಯನ್ನು ನಮ್ಮ ಅಕ್ಕನ ಮಗ ಮಾಡಿದ, ಇಲ್ಲೇ ಇಂಜಿನಿಯರಿಂಗ್ ಓದುತ್ತಿದ್ದಾಗ. ಕ್ವಾರ್ಟ್ಜ್ ಗಡಿಯಾರದೊಳಗೆ ಕೂದಲೆಳೆ ತಂತಿಯ ಒಂದು ಸುರುಳಿ ಇರುತ್ತದೆ. ಅದಕ್ಕೆ ಸೆಕೆಂಡಿಗೊಂದು ಸಣ್ಣ ಕರೆಂಟ್ ಹೊಡೆತ ಬರುತ್ತದೆ, ಒಮ್ಮೆ ಈ ದಿಕ್ಕಿಗೆ, ಮುಂದಿನದು ಆ ದಿಕ್ಕಿಗೆ. ಒಂದೊಂದು ಹೊಡೆತಕ್ಕೆ ಚಕ್ರ ಒಂದೊಂದು ಹೆಜ್ಜೆ. ಅವನು ಮೂಲ ಸರ್ಕ್ಯೂಟಿನಿಂದ ಸುರುಳಿಯ ಎರಡು ತುದಿ ಬಿಡಿಸಿ, ಆರ್ಡುಯಿನೋ ಅನ್ನುವ, ನಾವೇ ಪ್ರೋಗ್ರಾಂ ಹಾಕಬಹುದಾದ ಸಣ್ಣ ಬೋರ್ಡಿಗೆ ಬೆಸುಗೆ ಹಾಕಿ, 1.035 ಸೆಕೆಂಡಿಗೊಂದು ಹೊಡೆತ ಕೊಡುವಂತೆ ಪ್ರೋಗ್ರಾಂ ಬರೆದ. 12 ಗಂಟೆಯನ್ನು 1.035ರಿಂದ ಗುಣಿಸಿ ನೋಡಿ, 12 ಗಂಟೆ 25 ನಿಮಿಷ ಬರುತ್ತದೆ. ಮೊದಲ ಸುರುಳಿಯ ತಂತಿ ಬೆಸುಗೆ ಹಾಕುವಾಗ ಕಡಿದುಹೋಯಿತು, ಎರಡನೆಯದೂ ಹೋಯಿತು, ಮೂರನೆಯದು ನಿಂತಿತು. ಹಾಗಾಗಿ ಹಳೆ ಗಡಿಯಾರ ಮೂರು ನಾಲ್ಕು ಇಟ್ಟುಕೊಂಡೇ ಕೈ ಹಾಕಿ, ಅಮ್ಮನ ಮದುವೆಗೆ ಬಂದ ಗಡಿಯಾರದ ಮೇಲೆ ಬೇಡ.

ಸೂಳೆಕೆರೆಯಲ್ಲಿ, ಮಾರಿಕಣಿವೆಯಲ್ಲಿ ಉಬ್ಬರ ಬರುತ್ತದಾ?

ಕಣ್ಣಿಗೆ ಕಾಣುವಷ್ಟು ಇಲ್ಲ. ಉಬ್ಬರ ಏಳಬೇಕಾದರೆ ನೀರಿನ ಈ ತುದಿಗೂ ಆ ತುದಿಗೂ ಚಂದ್ರನ ಸೆಳೆತದಲ್ಲಿ ವ್ಯತ್ಯಾಸ ಬೇಕು, ಅದಕ್ಕೆ ಸಾವಿರಾರು ಕಿಲೋಮೀಟರ್ ನೀರು ಬೇಕು. ನಮ್ಮ ಸೂಳೆಕೆರೆ ಎಷ್ಟು ದೊಡ್ಡದು ಅಂತ ನಾವು ಎದೆ ತಟ್ಟಿಕೊಂಡರೂ ಚಂದ್ರನಿಗೆ ಅದು ಒಂದು ಬೊಗಸೆ. ಮಾರಿಕಣಿವೆಯ ವಾಣಿವಿಲಾಸ ಸಾಗರವಂತೂ 1907ರಲ್ಲಿ ಕಟ್ಟಿ ಮುಗಿಸಿದ ಮೇಲೆ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಕೋಡಿ ನೋಡಲು 2022ರ ತನಕ ಕಾಯಬೇಕಾಯಿತು, ಆಮೇಲೆ 2025ರಲ್ಲೂ ಬಿತ್ತು. ಅದಕ್ಕೆ ಗಡಿಯಾರ ಮಾಡಿದರೆ ಮುಳ್ಳು ಒಂದು ಸುತ್ತಿಗೆ 89 ವರ್ಷ ತಗೊಳ್ಳಬೇಕು.

ಹಾಗಾದರೆ ಅಮಾವಾಸ್ಯೆ ದಿನ ನಮ್ಮ ದೇಹದ ನೀರೂ ಉಕ್ಕುತ್ತದೆ ಅನ್ನುತ್ತಾರಲ್ಲ?

ಮೇಲಿನ ಉತ್ತರವೇ. ಸೂಳೆಕೆರೆಯೇ ಸಾಲದು ಅಂದ ಮೇಲೆ ಐದೂವರೆ ಅಡಿ ಮನುಷ್ಯ ಯಾವ ಲೆಕ್ಕ.

ಅಂದರೆ ಚಂದ್ರನಿಗೂ ನಮ್ಮ ಜಿಲ್ಲೆಗೂ ಸಂಬಂಧವೇ ಇಲ್ಲ?

ಇದೆ, ಇದನ್ನು ಕೇಳಿ ನಾನೇ ದಂಗಾದೆ. ಚಂದ್ರ ನೀರನ್ನು ಮಾತ್ರ ಎಳೆಯುವುದಿಲ್ಲ, ಗಟ್ಟಿ ನೆಲವನ್ನೂ ಎಳೆಯುತ್ತಾನೆ. ಭೂಮಿ ಪೂರ್ತಿ ಗಟ್ಟಿ ಕಲ್ಲುಗುಂಡಲ್ಲ, ಸ್ವಲ್ಪ ಬಾಗುತ್ತದೆ. ನಮ್ಮ ಕಾಲ ಕೆಳಗಿನ ನೆಲ ದಿನಕ್ಕೆ ಎರಡು ಸಲ ಸುಮಾರು ಒಂದಡಿ ಹತ್ತಿರ ಏರಿ ಇಳಿಯುತ್ತದೆ. ಚಿತ್ರದುರ್ಗದ ಏಳುಸುತ್ತಿನ ಕೋಟೆ, ಅದರ ಬಂಡೆ, ಬತೇರಿ, ಒನಕೆ ಓಬವ್ವನ ಕಿಂಡಿ, ತಪ್ಪಲಿನ ಊರು, ಎಲ್ಲ ಒಟ್ಟಿಗೆ. ಒಟ್ಟಿಗೇ ಏರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ, ಗೋಡೆ ಬಿರಿಯುವುದಿಲ್ಲ, ಲೋಟದ ಚಹಾ ತುಳುಕುವುದಿಲ್ಲ. ಅಳೆಯಲು ಸೂಕ್ಷ್ಮ ಯಂತ್ರ ಬೇಕು. ಸಮುದ್ರದಂತೆ ನೆಲ ತಡ ಮಾಡುವುದೂ ಇಲ್ಲ, ಚಂದ್ರ ನೆತ್ತಿಗೆ ಬರುವ ಹೊತ್ತಿಗೆ ನೆಲವೂ ಮೇಲೆ. ಚಿತ್ರದುರ್ಗದ ನನ್ನ ಗೆಳೆಯ ಇದನ್ನು ಕೇಳಿದವನೇ, ಚಂದ್ರ ನೆತ್ತಿಗೆ ಬರುವ ಹೊತ್ತನ್ನು ಮೇಲಿಟ್ಟು, "ಕೋಟೆ ಏರಿತು, ಕೋಟೆ ಇಳಿಯಿತು" ಅಂತ ಬರೆಸಿ ಒಂದು ಗಡಿಯಾರ ತೂಗುಹಾಕಿದ್ದಾನೆ. ಅವನ ಮನೆಗೆ ಬಂದವರ ಪ್ರಶ್ನೆಗಳಿಗೆ ಅವನೇ ಉತ್ತರ ಹೇಳಿಕೊಳ್ಳಲಿ.

ವಾಸ್ತು ಪ್ರಕಾರ ಯಾವ ದಿಕ್ಕಿಗೆ ಹಾಕಬೇಕು?

ಬಿಸಿಲು ನೇರ ಬೀಳದ ಗೋಡೆಗೆ ಹಾಕಿ. ಅಡುಗೆಮನೆ ಒಗ್ಗರಣೆ ಹೊಗೆ ತಾಗದಿರಲಿ. ಟೈಮ್ ತೋರಿಸುವ ಗಡಿಯಾರದ ಪಕ್ಕ ಮಾತ್ರ ಹಾಕಬೇಡಿ, ಬೆಳಿಗ್ಗೆ ಅವಸರದಲ್ಲಿ ಇದನ್ನು ನೋಡಿ ಮಗಳ ಸ್ಕೂಲ್ ಬಸ್ ತಪ್ಪಿದ್ದು ಎರಡು ಸಲ.

ಇಷ್ಟೆಲ್ಲ ಮಾಡಿ ದಿನಾ ಉಪಯೋಗ ಏನು?

ಈಗ ಮುಳ್ಳು ತಳಕ್ಕೆ ಹತ್ತಿರ ಇದ್ದರೆ ಹೆಂಡತಿ ಫೋನ್ ಮುಟ್ಟುವುದಿಲ್ಲ. "ಇಳಿತ, ಎಲ್ಲ ಹೊಳೆಯಲ್ಲಿ ಇರ್ತಾರೆ" ಅಂತ ತನ್ನ ಕೆಲಸ ನೋಡಿಕೊಳ್ಳುತ್ತಾಳೆ. ಮುಳ್ಳು ಎಡಗಡೆ ಹತ್ತಿ 3 ದಾಟಿದ ಮೇಲೆ ಮಾಡಿದರೆ ಎರಡೇ ರಿಂಗಿಗೆ ಅತ್ತೆ ಎತ್ತುತ್ತಾರೆ, ಅಷ್ಟು ಹೊತ್ತಿಗೆ ಕೈಕಾಲು ತೊಳೆದು ಬಳಚು ಬೇಯಲು ಇಟ್ಟು ಕೂತಿರುತ್ತಾರೆ. ಎತ್ತಿದ ಕೂಡಲೇ ಅವರು ಕೇಳುವುದು ಒಂದೇ, "ಅಲ್ಲಿ ಮಳೆ ಬಂತಾ?"